ಸರ್ವೀಸಿಗೆ ನಿಂತ ನಮ್ಮತ್ತೆ

ನಮ್ಮತ್ತೆ ಮಾವನವರ ಜೊತೆ ಸಮುದ್ರ ದಾಟಿ ಸ್ಯಾನ್ ರಮೋನಿಗೆ ಬಂದದ್ದು ಮಗ-ಸೊಸೆಯನ್ನು ನೋಡಲು ಎಂದು ನೀವು ಬೇಕಾದರೆ ನಂಬಿ, ನಾನಂತೂ ನಂಬುವುದಿಲ್ಲ! ಮಂಡ್ಯದಿಂದ ಬಂದ ಸೂಟ್‌ಕೇಸಿನಿಂದ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಎಲ್ಲ ತೆಗೆದ ಮೇಲೆ ತಳದಲ್ಲಿ ಸಿಕ್ಕಿದ್ದು ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂಸು.

"ಮಾವನವರದಾ ಅತ್ತೆ?" ಎಂದೆ.

"ಅವರ ಕಾಲು ಇಷ್ಟು ಚಿಕ್ಕದಾ?" ಎಂದವರೇ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮಂಚದ ಕೆಳಗೆ ತಳ್ಳಿದರು.

ಮದುವೆಗೆ ಮುಂಚೆ ಎಲ್ಲರೂ ನನಗೆ ಹೇಳಿದ್ದು, ಅತ್ತೆ ಬಲು ಸಾಧು ಎಂದು. ಆ ಸಾಧು ಹೆಂಗಸು ಬಂದ ವಾರದಲ್ಲೇ ಕಸ ಹಾಕಿ ಬರುತ್ತೇನೆಂದು ಕೆಳಗಿಳಿದವರು ಪತ್ತೆಯಿಲ್ಲ! ದಾರಿ ತಪ್ಪಿ ಫ್ರೀವೇ ಕಡೆ ಹೋಗಿಬಿಟ್ಟರೇನೋ ಎಂದು ಬರಿಗಾಲಲ್ಲೇ ಓಡಿದೆ. ನೋಡಿದರೆ, ಅಪಾರ್ಟ್‌ಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ತೆಂಗಿನ ಮರದುದ್ದದ ಹೈಸ್ಕೂಲು ಹುಡುಗರ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚೆಂಡು ಪುಟಿಸುತ್ತಿದ್ದಾರೆ! ನಾನು ಬಾಯಿ ತೆರೆಯುವುದರೊಳಗೆ ಚೆಂಡು ರಿಂಗಿಗೂ ತಾಗದೆ ಬಲೆಯೊಳಗೆ ಇಳಿಯಿತು. "ಗ್ರ್ಯಾಂಡ್ಮಾ ನಮ್ಮ ಟೀಮು!" ಎಂದು ಹುಡುಗರಲ್ಲಿ ಜಗಳವೇ ಶುರುವಾಯಿತು. ಕಸದ ಚೀಲ ಕೋರ್ಟಿನ ಅಂಚಿನಲ್ಲಿ ಹಾಗೇ ಕೂತಿತ್ತು.

ಆ ಸಂಜೆ ಹುರುಳಿಕಾಯಿ ಹೆಚ್ಚುತ್ತಾ ಅತ್ತೆ ಬಾಯಿಬಿಟ್ಟರು. "ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲು, ವಾಲಿಬಾಲು, ಬಾಲ್ ಬ್ಯಾಡ್ಮಿಂಟನ್ನು ಎಲ್ಲ ಆಡ್ತಿದ್ದೆ. ಸ್ಪೋರ್ಟ್ಸ್ ದಿನ ಗುಂಡೂ ಎಸೀತಿದ್ದೆ. ಆಮೇಲೆ ಬೆಂಗಳೂರಲ್ಲಿ ಒಂದು ಫ್ಯಾಕ್ಟರಿಯೋರು ಕರೆದು ಕೆಲಸ ಕೊಟ್ರು."

"ಏನು ಕೆಲಸ?"

"ಅವರ ಟೀಮಿಗೆ ಆಡೋದು."

"ಅದು ಸರಿ ಅತ್ತೆ, ಕೆಲಸ ಏನು?"

"ಅದೇ ಕಣೇ ಕೆಲಸ! ಆಡೋಕೆ ಸಂಬಳ! ಹುಡುಗಿಗೆ ಅಂಥ ಕೆಲಸ ಅಂದ್ರೆ ಊರಲ್ಲಿ ಯಾರೂ ನಂಬ್ತಿರಲಿಲ್ಲ."

ನನ್ನ ಗಂಡ, ಅವರು ಹೆತ್ತ ಮಗ, ಕಾಫಿ ಲೋಟ ಹಿಡಿದು ಕಲ್ಲಾಗಿ ನಿಂತಿದ್ದ. ಅವನಿಗೂ ಗೊತ್ತಿರಲಿಲ್ಲ! ಹೆಣ್ಣು ನೋಡಲು ಬಂದವರಿಗೆ ಅತ್ತೆಯ ತವರಿನವರು "ನಮ್ಮ ಹುಡುಗಿಗೆ ಕಸೂತಿ ಚೆನ್ನಾಗಿ ಬರುತ್ತೆ" ಎಂದು ಹೇಳಿ ಮದುವೆ ಮುಗಿಸಿದ್ದರಂತೆ.

"ಮದುವೆ ಆದ್ಮೇಲೆ ಆಡಬೇಡ ಅಂದ್ರಾ?" ಎಂದೆ.

"ಆಡಬೇಡ ಅಂತ ಯಾರೂ ಅನ್ನಲಿಲ್ಲ. ಆಡು ಅಂತಾನೂ ಯಾರೂ ಅನ್ನಲಿಲ್ಲ." ಆಮೇಲೆ ದನಿ ತಗ್ಗಿಸಿ, "ನಾನು ಆಡೋದನ್ನ ನಿಮ್ಮ ಮಾವ ಒಂದು ಸಲಾನೂ ನೋಡಿಲ್ಲ ಕಣೇ. ಒಂದು ಸಲ ನೋಡ್ಲಿ ಅಂತ ಆಸೆ," ಎಂದರು. ಹಾಲ್‌ನಲ್ಲಿ ಮಾವ, ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದಿದ್ದ ಹಳೆಯ ಪೇಪರನ್ನು ಬಿಡಿಸಿ ಓದುತ್ತಿದ್ದರು. ಕೇಳಿಸಿತೋ ಇಲ್ಲವೋ, ಆ ಮುಖ ನೋಡಿ ಹೇಳುವಂತಿರಲಿಲ್ಲ.

ಆಗ ನಾನಿದ್ದದ್ದು ಒಂದು ಡಾಟ್‌ಕಾಮ್ ಕಂಪನಿಯಲ್ಲಿ. ಏನು ಮಾರುತ್ತೇವೆಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಆಫೀಸಿನ ನಡುಮಧ್ಯೆ ಪಿಂಗ್‌ಪಾಂಗ್ ಟೇಬಲ್ ಇತ್ತು! ಅತ್ತೆಯನ್ನು ಒಮ್ಮೆ ಆಫೀಸು ತೋರಿಸಲು ಕರೆದೊಯ್ದು, ಬ್ಯಾಡ್ಜು ತರಲು ಎರಡು ನಿಮಿಷ ಆಚೆ ಹೋಗಿದ್ದೆ. ಬರುವಷ್ಟರಲ್ಲಿ ಅತ್ತೆಯ ಕೈಯಲ್ಲಿ ಬ್ಯಾಟು, ಟೇಬಲ್ಲಿನ ಆಚೆ ನಮ್ಮ ಸಿ.ಇ.ಓ. ಬೆವರು ಒರೆಸಿಕೊಳ್ಳುತ್ತಿದ್ದ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೆ ಎನಿಸಿತು!

"ಇಲ್ಲೂ ಆಡೋಕೆ ಸಂಬಳ ಕೊಡ್ತಾರಾ?" ಎಂದರು ಅತ್ತೆ. "ಇವರಿಗೆ ಆಟಾನೇ ಬರಲ್ವಲ್ಲೇ!"

ಆರು ತಿಂಗಳಲ್ಲಿ ಕಂಪನಿ ಮುಚ್ಚಿತು. ಅದಕ್ಕೂ ಅತ್ತೆಗೂ ಸಂಬಂಧವಿಲ್ಲ ಎಂದು ನಾನು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ಶನಿವಾರಗಳಂದು ಪಾರ್ಕಿನಲ್ಲಿ ನಮ್ಮ ಕನ್ನಡದವರ, ಮನೆಗೊಂದು ಅಡುಗೆ ತಂದು ಹಂಚಿ ತಿನ್ನುವ ಪಾಟ್‌ಲಕ್ಕು, ವಾಲಿಬಾಲು. ಅತ್ತೆ ಚಿತ್ರಾನ್ನದ ಡಬ್ಬಿಯ ಜೊತೆ ಬಂದು ಶೂಸು ಕಟ್ಟಿ ನಿಂತರೆಂದರೆ ಸಾಫ್ಟ್‌ವೇರು ಗಂಡಸರ ಹೊಟ್ಟೆಗಳು ನಡುಗುತ್ತಿದ್ದವು. ಅವರ ಸರ್ವೀಸು ಒಂದಾದರೂ ತಪ್ಪಿದ್ದನ್ನು ನಾವು ಕಾಣಲಿಲ್ಲ. ಮನೆಯಿಂದ ಹೊರಡುವಾಗ ಮಾತ್ರ ಪ್ರತಿ ಸಲವೂ ಅದೇ ಮಾತು.

"ರೀ, ಬರ್ತೀರಾ?"

"ನಾನ್ಯಾಕೆ? ನನಗೆ ಆಟ ತಿಳಿಯಲ್ಲ."

"ತಿಳಿಯೋದೇನಿದೆ? ಸುಮ್ನೆ ನೋಡೋದು."

ಮಾವ ಪೇಪರು ಮಡಿಸುತ್ತಿರಲಿಲ್ಲ. ಆಟದ ನಡುವೆ ಅತ್ತೆ ಪಾರ್ಕಿನ ಗೇಟಿನ ಕಡೆ ಕಣ್ಣು ಹಾಯಿಸುವುದನ್ನು ನಾನು ನೋಡಿದ್ದೇನೆ.

ಊರಿಗೆ ಹೊರಡುವ ಮುಂಚಿನ ಕೊನೆಯ ಶನಿವಾರ. ಪಕ್ಕದೂರು ಡ್ಯಾನ್‌ವಿಲ್‌ನವರ ಮೇಲೆ ಪಂದ್ಯ, ಎರಡೂ ಕಡೆ ಪಾಯಿಂಟು ಸಮ. ಚೆಂಡು ಅತ್ತೆಯ ಕೈಗೆ ಬಂತು. "ಗೆದ್ವಿ ಬಿಡಿ!" ಎಂದು ನನ್ನ ಗಂಡ ಆಗಲೇ ಕೂಗಿದ.

ಆಗ ಕಂಡೆ. ಒಂದು ನರಪಿಳ್ಳೆಯೂ ನಡೆಯದ ಸ್ಯಾನ್ ರಮೋನಿನ ರಸ್ತೆಯಲ್ಲಿ, ಬಿಸಿಲಿಗೆ ಕಪ್ಪು ಕೊಡೆ ಹಿಡಿದು, ದಾರಿ ಹುಡುಕಿಕೊಂಡು, ಮಾವ ನಡೆದು ಬರುತ್ತಿದ್ದರು! ಗೇಟಿನೊಳಗೆ ಬಂದು, ಕೊಡೆ ಮಡಿಸಿ, ಲೈನಿನ ಪಕ್ಕ ನೆಟ್ಟಗೆ ನಿಂತರು.

ಅತ್ತೆ ಅವರನ್ನು ನೋಡಿದರು. ಕೈ ಎತ್ತಿದರು. ಸರ್ವೀಸು ಹೊಡೆದರು. ಚೆಂಡು ಸೀದಾ ಬಲೆಗೆ ಬಡಿದು ಕೆಳಗೆ ಬಿತ್ತು!

ನಮ್ಮವರೆಲ್ಲ ತಲೆ ಮೇಲೆ ಕೈ ಹೊತ್ತರು. ಆಗ ಒಬ್ಬರದೇ ಚಪ್ಪಾಳೆ ಕೇಳಿಸಿತು. ಹೆಂಡತಿ ಪಾಯಿಂಟು ಹೊಡೆದಳೆಂದುಕೊಂಡು ಮಾವ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಆ ಪಂದ್ಯ ಸೋತೆವು. ಅತ್ತೆ ಸೆರಗಿನಿಂದ ಮುಖ ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಡಬ್ಬಿ ಬಿಚ್ಚಲು ಹೊರಟಿದ್ದ ನಮ್ಮನ್ನೆಲ್ಲ ತಡೆದರು.

"ಇರ್ರೋ, ಇನ್ನೊಂದು ಆಟ ಆಡೋಣ. ಅವರು ಈಗ ತಾನೇ ಬಂದಿದಾರೆ."