ಗೇರಿಲ್ಲದ ಗಾಡಿ, ಮಗುಚಿದ ಬೇಳೆ

ಗೇರಿಲ್ಲದ ಗಾಡಿ ಓಡಿಸುವುದು ಒಂದು ವಿದ್ಯೆಯೇ ಅಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು. ನಾರಾಯಣಖೇಡದಿಂದ ನಾಗಪುರದ ದೀಕ್ಷಾಭೂಮಿಯವರೆಗೆ ಮೋಟಾರ್‌ಸೈಕಲ್ ಮೇಲೆ ಹೋಗಿ ಬಂದವನು ನಾನು. ಏರಿಗೊಂದು ಗೇರು, ಇಳಿಜಾರಿಗೊಂದು ಗೇರು, ಎಮ್ಮೆ ಅಡ್ಡ ಬಂದರೆ ಮತ್ತೊಂದು. ಎಡಗೈ, ಎಡಗಾಲು, ಬಲಗೈ ಮೂರೂ ಒಂದೇ ತಾಳಕ್ಕೆ ಕುಣಿಯಬೇಕು. ಓಡಿಸುವುದು ಎಂದರೆ ಅದು! ನನ್ನ ಹೆಂಡತಿ ಧಮ್ಮಶೀಲಾ ಅಂಗನವಾಡಿಗೆ ಹೋಗಿಬರಲು ಕೊಂಡ ಸ್ಕೂಟರನ್ನು ನಾನು ಚಕ್ರವಿರುವ ಮಿಕ್ಸರ್ ಎಂದು ಕರೆಯುತ್ತಿದ್ದೆ. ಕೈಯಿಂದ ಮುಟ್ಟಿಯೂ ಇರಲಿಲ್ಲ.

"ಕಿವಿ ತಿರುವಿದರ ಹೋಗ್ತದ, ಬಿಟ್ಟರ ನಿಲ್ತದ. ಇದರಾಗ ಓಡಸಾವಂದು ಏನು ಕೆಲಸ ಅದ?" ಎಂದು ಕೇಳಿದ್ದೆ.

"ಕೆಲಸ ಇಲ್ಲಂತೇಳೇ ತಗೊಂಡೀನ್ರಿ. ಕೆಲಸ ಮನಿಯಾಗ ಬೇಕಾದಷ್ಟು ಅದ" ಎಂದಿದ್ದಳು.

ಅದು ಸಕಲ ಜನರ ಮುಷ್ಕರದ ಕಾಲ. ಪ್ರತ್ಯೇಕ ತೆಲಂಗಾಣಕ್ಕಾಗಿ ಬಸ್ಸುಗಳು ನಿಂತಿದ್ದವು, ಶಾಲೆಗಳು ಮುಚ್ಚಿದ್ದವು, ನಾನು ಕೆಲಸ ಮಾಡುವ ಮಂಡಲ ಕಚೇರಿಗೂ ಬೀಗ ಬಿದ್ದಿತ್ತು. ನಾವು ನೌಕರರು ಬೆಳಗ್ಗೆ ಶಾಮಿಯಾನದಡಿ ಕುಳಿತು ಗಂಟಲು ಹರಿಯುವಂತೆ ಜೈ ತೆಲಂಗಾಣ ಎಂದು ಕೂಗಿ, ಮಧ್ಯಾಹ್ನ ಮನೆಗೆ ಬಂದು ಉಂಡು ಮಲಗುತ್ತಿದ್ದೆವು. ಅಂಥದ್ದರಲ್ಲಿ ತಾಂಡೂರಿನಲ್ಲಿ ಧಮ್ಮಶೀಲಾಳ ತಂಗಿ ಸ್ವರೂಪಾಳ ಮದುವೆ ಬಂತು.

ಸ್ವರೂಪಾ ತಾಯಿಯಿಲ್ಲದ ಹುಡುಗಿ. ತಲೆಗೆ ಎಣ್ಣೆ ಹಚ್ಚಿ, ಎರೆದು, ಜಡೆ ಹೆಣೆದು ಬೆಳೆಸಿದವಳು ಅಕ್ಕನೇ. ನಮ್ಮಲ್ಲಿ ಮದುವೆ ಮಾಡಿಸುವವರು ಬಂತೇಜಿ. ಭಿಕ್ಷುಗಳಾದ ಅವರು ಸೂರ್ಯ ನೆತ್ತಿಗೆ ಬರುವುದರೊಳಗೆ ಊಟ ಮುಗಿಸಬೇಕು, ಆಮೇಲೆ ತುತ್ತು ಮುಟ್ಟುವಂತಿಲ್ಲ. ಹಾಗಾಗಿ ಮದುವೆ ಅದಕ್ಕೂ ಮೊದಲೇ ಆಗಬೇಕು, ಯಾರಿಗಾಗಿಯೂ ತಡೆಯುವಂತಿಲ್ಲ. ಬಾಡಿಗೆ ಜೀಪು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನಂಬಿ ಕೂತು ನಾವು ಮದುವೆಯ ದಿನದವರೆಗೂ ಊರಲ್ಲೇ ಉಳಿದೆವು. ನಸುಕಿನಲ್ಲಿ ಸ್ವರೂಪಾಳ ಫೋನು ಬಂತು.

"ಅಕ್ಕಾ, ನೀ ಬರೂತನ ನಾ ಹಾರ ಹಾಕಂಗಿಲ್ಲ ಅಂತ ಹೇಳೀನಿ. ಆದ್ರ ಬಂತೇಜಿಗೋಳು ಉಪಾಸ ಇರ್ತಾರ, ಎಷ್ಟಂತ ತಡೀಲಿ?"

ಧಮ್ಮಶೀಲಾ ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವಳನ್ನು ಹೊತ್ತಿಗೆ ಸರಿಯಾಗಿ ತಾಂಡೂರು ಮುಟ್ಟಿಸದಿದ್ದರೆ ನನ್ನ ಹೆಸರು ಆತ್ಮಾರಾಮನೇ ಅಲ್ಲ ಎಂದು ಅಲ್ಲೇ ಶಪಥ ಮಾಡಿದೆ.

ತೊಡಕು ಬಂದಿದ್ದು ಮದುವೆಗೆಂದು ಒಯ್ಯಬೇಕಿದ್ದ ಬುಂದಿ ಉಂಡೆಯ ಬುಟ್ಟಿಯಿಂದ. ಮೋಟಾರ್‌ಸೈಕಲ್ ಮೇಲೆ ನಾನು ಕೂತರೆ ಹೆಂಡತಿಗಷ್ಟೇ ಜಾಗ, ಹೆಂಡತಿ ಕೂತರೆ ಬುಟ್ಟಿಗೆ ಜಾಗವಿಲ್ಲ.

"ನನ್ನ ಗಾಡಿಯಾಗ ಬುಟ್ಟಿ ಕಾಲ ಹತ್ರ ಕೂಡ್ತದ. ನಾ ಓಡಸ್ತೀನಿ, ನೀವು ಹಿಂದ ಕೂಡ್ರಿ" ಎಂದಳು.

"ನಾಗಪುರ ಕಂಡಾಂವ ಹಿಂದ ಕೂಡಬೇಕಾ? ಕುದುರಿ ಹತ್ತಿದಾಂವಗ ಕತ್ತೆ ಯಾವ ಲೆಕ್ಕ? ತಾ ಇಲ್ಲಿ ಚಾವಿ."

ರಸ್ತೆಯ ಮೊದಲ ಉಬ್ಬು ಬಂತು. ಗೇರ್ ಇಳಿಸಲೆಂದು ನನ್ನ ಎಡಗೈ ತಾನಾಗಿಯೇ ಕ್ಲಚ್ ಹಿಡಿಯಿತು. ಗೇರಿಲ್ಲದ ಗಾಡಿಯಲ್ಲಿ ಆ ಜಾಗದಲ್ಲಿ ಇರುವುದು ಕ್ಲಚ್ ಅಲ್ಲ, ಬ್ರೇಕು! ಗಾಡಿ ಗಕ್ಕನೆ ನಿಂತಿತು. ಹೆಂಡತಿಯ ಹಣೆ ನನ್ನ ಬೆನ್ನಿಗೆ ಬಡಿಯಿತು. ಎಡಗಾಲು ಗೇರು ಹುಡುಕುತ್ತಾ ಬುಟ್ಟಿಗೆ ಒದೆಯಿತು.

"ಉಂಡಿ ಏನು ತಪ್ಪು ಮಾಡ್ಯಾವ್ರಿ?"

"ರಸ್ತಾ ಖರಾಬ್ ಅದ."

ಜಹೀರಾಬಾದ್ ಬರುವವರೆಗೂ ರಸ್ತೆ ಖರಾಬೇ ಇತ್ತು. ಪ್ರತಿ ಉಬ್ಬಿಗೂ ಅವಳ ಹಣೆ, ನನ್ನ ಬೆನ್ನು, ಉಂಡೆಯ ಬುಟ್ಟಿ ಮೂರಕ್ಕೂ ಪೆಟ್ಟು. "ಈಗರ ನನಗ ಕೊಡ್ರಿ" ಎಂದಳು. "ತಡಿ, ಈಗ ಕೈಗೆ ಹೊಂದ್ಲಿಕತ್ತದ" ಎಂದೆ. ಅವಳು ಸೂರ್ಯನನ್ನೇ ನೋಡುತ್ತಿದ್ದಳು.

ಜಹೀರಾಬಾದಿನ ಹೆದ್ದಾರಿಯ ಮೇಲೆ ವಂಟಾ-ವಾರ್ಪು ನಡೆದಿತ್ತು. ಎಂದರೆ, ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಉಂಡು, ಗಾಡಿಗಳನ್ನು ತಡೆಯುವ ಚಳವಳಿ. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸ್ಕೂಟರುಗಳಿಗೆ ಮಾತ್ರ ಒಲೆಗಳ ಪಕ್ಕದಲ್ಲಿ ಸಣ್ಣ ದಾರಿ ಬಿಟ್ಟಿದ್ದರು. ಅಡುಗೆಯ ಮುಖಂಡತ್ವ ಪಾರ್ವತಿಬಾಯಿ ಎಂಬ ಹೆಣ್ಣುಮಗಳದು. ಅವಳ ಕೈಯಲ್ಲಿ ಮೊಳದುದ್ದದ ಸೌಟು.

"ಸಾವಕಾಶ ಹೋಗ್ರಿ ಸಾರ್, ಬಾಜೂಕ ಬ್ಯಾಳಿ ಅದ."

ಸಾವಕಾಶ ಹೋಗುವುದನ್ನು ನನಗೆ ಹೇಳಿಕೊಡಬೇಕೆ? ನಾಗಪುರದ ಸಂತೆಯಲ್ಲಿ ನುಗ್ಗಿದವನ ಶೈಲಿಯಲ್ಲಿ ಎಡಗೈಯಿಂದ ಕ್ಲಚ್ ಒತ್ತಿದೆ. ಗಾಡಿ ನಿಂತಿತು. ಬಲಗೈಯಿಂದ ಕಿವಿ ತಿರುವಿದೆ. ಗಾಡಿ ಗುರ್ರೆಂದಿತು, ಕದಲಲಿಲ್ಲ. ಇನ್ನಷ್ಟು ತಿರುವಿದೆ. ಆಮೇಲೆ ಶಾಸ್ತ್ರಪ್ರಕಾರ ಕ್ಲಚ್ ಬಿಟ್ಟೆ. ಬಿಟ್ಟಿದ್ದು ಬ್ರೇಕು! ಸ್ಕೂಟರು ಹಗ್ಗ ಹರಿದ ಹೋರಿಯಂತೆ ಜಿಗಿದು ಬೇಳೆಯ ದೊಡ್ಡ ಪಾತ್ರೆಗೆ ಮುಖವಿಟ್ಟಿತು. ಆ ಒಲೆಯನ್ನಿನ್ನೂ ಹೊತ್ತಿಸಿರಲಿಲ್ಲ, ಇಲ್ಲದಿದ್ದರೆ ಈ ಪ್ರಸಂಗವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಹಸಿ ಬೇಳೆ, ನೀರು, ಅರಿಶಿನ ಎಲ್ಲವೂ ರಾಷ್ಟ್ರೀಯ ಹೆದ್ದಾರಿಗೆ ಅರ್ಪಿತವಾದವು.

ಪಾರ್ವತಿಬಾಯಿ ಗಾಡಿಯ ಚಾವಿ ಕಿತ್ತುಕೊಂಡಳು. "ಚಳವಳಿ ಮುರೀಲಾಕ ಯಾರು ಕಳಸ್ಯಾರ ನಿಮಗ?"

"ನಾನೂ ಮುಷ್ಕರದಾಗೇ ಅದೀನಿ ಬಾಯಿ. ಜೈ ತೆಲಂಗಾಣ."

"ಜೈ ತೆಲಂಗಾಣ ಸರಿ. ಬ್ಯಾಳಿ?"

"ಗಾಡಿಗೆ ಗೇರ್ ಇಲ್ಲ, ಅದಕ್ಕ..."

"ಗಾಡಿ ಸುದ್ದಿಗೆ ಹೋಗಬ್ಯಾಡ್ರಿ" ಎಂದು ಹೆಂಡತಿ ಹಿಂದಿನಿಂದ ಅಂದಳು. ಆಮೇಲೆ ಪಾರ್ವತಿಬಾಯಿಯ ಕೈ ಹಿಡಿದಳು. "ಅಕ್ಕೋರೇ, ತಾಂಡೂರಾಗ ನನ್ನ ತಂಗಿ ಮದುವಿ ಅದ. ಅವ್ವ ಇಲ್ಲದ ಹುಡುಗಿ, ನಾನೇ ಸಾಕೀನಿ. ಹೊತ್ತು ಮೀರಿದರ ನನಗ ಅಕ್ಷತಿ ಹಾಕೋದೂ ಸಿಗಂಗಿಲ್ಲ."

ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಪಾರ್ವತಿಬಾಯಿಯ ಮುಖ ಮೆತ್ತಗಾಯಿತು. ಚಾವಿಯನ್ನು ಅವಳ ಕೈಗೆ ಹಾಕಿದಳು.

"ನೀ ಹೋಗವ್ವ ತಂಗಿ. ಆದ್ರ ಬ್ಯಾಳಿ ಚೆಲ್ಲಿದವರು ಇಲ್ಲೇ ಇರಲಿ. ಇಷ್ಟು ಮಂದಿ ಉಣ್ಣೋರು ಅದಾರ, ಹೊಸಾ ಬ್ಯಾಳಿ ಕುದಿಸಿಕೊಟ್ಟೇ ಬರಲಿ."

ನನ್ನ ಹೆಂಡತಿ ಸ್ವಲ್ಪವಾದರೂ ಯೋಚಿಸುತ್ತಾಳೆಂದು ನಾನು ತಿಳಿದಿದ್ದೆ. "ಇಟ್ಕೋರಿ" ಎಂದಳು. ಸೆರಗು ಸಿಕ್ಕಿಸಿಕೊಂಡು, ಬುಟ್ಟಿ ಸರಿಮಾಡಿ, ಕಿವಿ ತಿರುವಿದಳು. ಒಲೆಗಳ ನಡುವಿನಿಂದ ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟಿಹೋಯಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ನನಗೆ ಈಳಿಗೆಮಣೆ ಕೊಟ್ಟರು. ನಾಗಪುರ ಕಂಡ ಎಡಗೈ ಈರುಳ್ಳಿ ಹಿಡಿಯಿತು. ನನ್ನನ್ನು ಬಿಟ್ಟುಹೋದಳೆಂಬ ಸಿಟ್ಟು ಬಹಳ ಹೊತ್ತು ಉಳಿಯಲಿಲ್ಲ. ಸೂರ್ಯ ಏರುತ್ತಿದ್ದ. ಮುಂದೆ ಮತ್ತೆಲ್ಲಾದರೂ ರಸ್ತೆ ತಡೆದಿದ್ದರೆ? ಅವಳು ಹೊತ್ತಿಗೆ ಮುಟ್ಟದಿದ್ದರೆ ಜನ್ಮವಿಡೀ ನನಗೆ ಅವಳ ಮುಖ ನೋಡುವ ಧೈರ್ಯವಿರುತ್ತಿರಲಿಲ್ಲ. ಬೇಳೆ ಕುದಿಯಿತು. ಒಗ್ಗರಣೆ ಬಿತ್ತು. ಆಗ ಫೋನು ಬಡಿದುಕೊಂಡಿತು.

"ಮುಟ್ಟಿದೆನ್ರಿ" ಎಂದಳು ಧಮ್ಮಶೀಲಾ. "ಹಾರ ನಾನೇ ಕೈಗೆ ಕೊಟ್ಟೆ. ಬಂತೇಜಿ ಈಗ ಊಟಕ್ಕ ಕೂತಾರ."

ನಾನು ಮೂಗೆಳೆದುಕೊಂಡೆ.

"ಅಳ್ಲಿಕತ್ತೀರೇನು?"

"ಉಳ್ಳಾಗಡ್ಡಿ ಹೆಚ್ಚಿದೆ" ಎಂದೆ. ಹೆಚ್ಚಿ ಬಹಳ ಹೊತ್ತಾಗಿತ್ತು.

ಫೋನು ಮದುಮಗಳ ಕೈಗೆ ಹೋಯಿತು. ಸ್ವರೂಪಾಳ ದನಿಯಲ್ಲಿ ಅಳುವೂ ಇತ್ತು, ನಗುವೂ ಇತ್ತು.

"ಭಾವಾ, ಅಕ್ಕ ವ್ಯಾಳ್ಯಾಕ ಸರಿಯಾಗಿ ಬಂದ್ಲು. ನಿಮ್ಮ ಉಪಕಾರ ನಾ ಸಾಯೂತನ ಮರಿಯಂಗಿಲ್ಲ."

"ನಾ ಏನು ಮಾಡ್ದೆನವ್ವಾ?" ಎಂದೆ, ದೊಡ್ಡಸ್ತಿಕೆಯಿಂದ.

"ನೀವು ಬರಲಿಲ್ಲಲ್ರಿ."