ಸಿಗಡಿಯ ಟೆರೇಸಿನ ಮೇಲೊಂದು ಡ್ರೋನ್

ಮನೆಯ ಫೋಟೊ ತೆಗೆಯುವ ವಿದ್ಯೆಯ ಮುಕ್ಕಾಲು ಪಾಲು, ಏನನ್ನು ತೆಗೆಯಬಾರದು ಎಂದು ತಿಳಿಯುವುದರಲ್ಲೇ ಇದೆ. ಮಾರಾಟಕ್ಕಿರುವ ಮನೆಗಳ ಮುಂದೆ ಹದಿನೈದು ವರ್ಷ ಬಾಗಿ, ಕುಕ್ಕರಗಾಲಲ್ಲಿ ಕುಳಿತು, ಒಮ್ಮೆ ಪಕ್ಕದವರ ದನದ ಹಟ್ಟಿಯೊಳಗೂ ನಿಂತು, ಟ್ರಾನ್ಸ್‌ಫಾರ್ಮರನ್ನು ತೆಂಗಿನ ಮರದ ಹಿಂದೆ, ಬಿರುಕುಬಿಟ್ಟ ಗೋಡೆಯನ್ನು ದಾಸವಾಳದ ಹಿಂದೆ ಅಡಗಿಸಿದವನು ನಾನು. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೋನ್ ಕೊಳ್ಳಬೇಕಾಯಿತು. ಆಕಾಶದಿಂದ ನೋಡುವಾಗ ದಾಸವಾಳ ಯಾವ ಉಪಕಾರಕ್ಕೂ ಬರುವುದಿಲ್ಲ. ಆದರೆ ನನಗೆ ಹೆಚ್ಚಿನ ಕೆಲಸ ಕೊಡುವ ಬ್ರೋಕರ್ ವಿನ್ಸೆಂಟ್, ಗಲ್ಫಿನವರೆಲ್ಲ ಈಗ ಮೇಲಿನ ಫೋಟೊ ಕೇಳುತ್ತಾರೆ, ನಿಮ್ಮಿಂದಾಗದಿದ್ದರೆ ಹಂಪನಕಟ್ಟೆಯ ಸ್ಟುಡಿಯೊದವರಿಗೆ ಹೇಳುತ್ತೇನೆ ಎಂದಿದ್ದರು. ಪೆಟ್ಟಿಗೆ ಬಿಚ್ಚುವಾಗ ಹೆಂಡತಿ, ಏಣಿ ಹತ್ತಲು ಹೆದರುವವರಿಗೆ ಇದು ಒಳ್ಳೆಯದೇ ಎಂದಳು.

ಮೊದಲ ಕೆಲಸ ತೊಕ್ಕೊಟ್ಟಿನಿಂದಾಚೆ, ಕಡಲ ಹತ್ತಿರ, ಮೀನು ವ್ಯಾಪಾರದ ಸುಮತಿಯಕ್ಕನ ಮನೆ. ಕುವೈತಿನ ಗಿರಾಕಿ ಅದನ್ನೂ ಇನ್ನೊಂದು ಮನೆಯನ್ನೂ ತೂಗಿ ನೋಡುತ್ತಿದ್ದ; ಸಂಜೆಯೊಳಗೆ ಫೋಟೊ ಹೋಗಬೇಕಿತ್ತು. ಟೆರೇಸ್ ತುಂಬ ಸಿಗಡಿ ಒಣಗುತ್ತಿತ್ತು. ಸ್ವಲ್ಪ ಹೊತ್ತು ತೆಗೆದಿಡಬಹುದೇ ಎಂದು ಮೆಲ್ಲಗೆ ಕೇಳಿದೆ.

"ತೆಗೆದರೆ ಅದಕ್ಕೆ ಬಿಸಿಲು ಯಾರು ಕೊಡುವುದು, ನೀವಾ? ನಿಮ್ಮದು ಮೇಲೆ, ನನ್ನದು ಕೆಳಗೆ. ಹಾರಿಸಿ ಮಾರಾಯ್ರೆ" ಎಂದು ಅವರು ಕಪ್ಪು ಬಟ್ಟೆ ಕಟ್ಟಿದ ಬಿದಿರಿನ ಕೋಲು ಹಿಡಿದು ಕಾಗೆ-ಹದ್ದುಗಳ ಕಾವಲಿಗೆ ಟೆರೇಸ್ ಹತ್ತಿದರು.

ನಾನು ಅಂಗಳದಲ್ಲಿ ನಿಂತು ಹಾರಿಸಿದೆ. ಡ್ರೋನ್ ತೆಂಗಿನ ತಲೆ ದಾಟಿದ್ದೇ ತಡ, ಎರಡು ಹದ್ದುಗಳು ವಿಚಾರಿಸಲು ಬಂದವು. ಅವುಗಳಲ್ಲೊಂದು ಡ್ರೋನಿನತ್ತ ಕಾಲು ಚಾಚಿತು. ಕಾಪಾಡಿಕೊಳ್ಳಲು ಡ್ರೋನನ್ನು ಟೆರೇಸಿನ ಕಡೆಗೇ ಇಳಿಸಿದೆ. ಹದ್ದುಗಳೂ ಹಿಂದೆಯೇ ಇಳಿದವು. ಸುಮತಿಯಕ್ಕನ ಲೆಕ್ಕದಲ್ಲಿ ಸಿಗಡಿಗೆ ಬಂದ ಕಳ್ಳರು ಮೂವರು. ಅನುಭವವಿದ್ದ ಇಬ್ಬರು ತಪ್ಪಿಸಿಕೊಂಡರು. ಮೂರನೆಯವನಿಗೆ ಕೋಲು ಬೀಳುವ ಹೊತ್ತಿಗೆ ಗಾಬರಿಯಲ್ಲಿ ನನ್ನ ಬೆರಳು ಯಾವುದೋ ಗುಂಡಿ ಒತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಅವರು ಸಿಗಡಿ ಕೇರುವ ಗೆರಸೆಯಲ್ಲಿ ಡ್ರೋನ್ ಇಟ್ಟುಕೊಂಡು ಇಳಿದು ಬಂದರು. ಒಂದು ರೆಕ್ಕೆ ಮುರಿದಿತ್ತು, ಉಳಿದವುಗಳಲ್ಲಿ ಸಿಗಡಿ ಸಿಕ್ಕಿಕೊಂಡಿತ್ತು.

"ಹದ್ದಿನ ಒಟ್ಟಿಗೆ ಬಂದರೆ ನನಗೆ ಎಂತ ಗೊತ್ತುಂಟು?" ಎಂದವರು, ದನಿ ತಗ್ಗಿಸಿ, "ತುಂಬಾ ಪೆಟ್ಟಾಯಿತಾ ಅದಕ್ಕೆ?" ಎಂದು ಕೇಳಿದರು.

ಸಿಕ್ಕಿದ್ದು, ಗಾಬರಿಯಲ್ಲಿ ಒತ್ತಿದ ಆ ಗುಂಡಿಯಿಂದ ಬಂದ ಒಂದೇ ಫೋಟೊ. ಅದರಲ್ಲಿ ಮನೆ ಅರ್ಧವೇ ಇತ್ತು; ಟೆರೇಸಿನ ಕೆಂಪು ಸಿಗಡಿಯ ನಡುವೆ ಸುಮತಿಯಕ್ಕ ಕೋಲೆತ್ತಿ ನೇರ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದರು, ಹಿಂದೆ ಕಡಲು. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿ, ವಿನ್ಸೆಂಟರ ಕರೆ ಬಂದಾಗ ಎರಡು ಸಲ ಎತ್ತದೆ ರಿಂಗಾಗಲು ಬಿಟ್ಟೆ.

ಮೂರನೆಯ ಸಲ ಎತ್ತಿದೆ. ಗಿರಾಕಿ ಒಪ್ಪಿದ್ದನಂತೆ. ಸಿಗಡಿ ಅಷ್ಟು ಚೆಂದ ಒಣಗುವ ಮನೆಗೆ ದಿನವಿಡೀ ಬಿಸಿಲುಂಟು, ಇನ್ನೊಂದರ ಮೇಲೆ ಪಕ್ಕದ ಫ್ಲ್ಯಾಟಿನ ನೆರಳು ಎಂದನಂತೆ. "ಎಂತ ತಲೆ ಮಾರಾಯ್ರೆ ನಿಮ್ಮದು" ಎಂದರು ವಿನ್ಸೆಂಟ್. ಸ್ಟುಡಿಯೊದವರ ಸುದ್ದಿ ಮತ್ತೆ ಎತ್ತಲಿಲ್ಲ.

ಆ ಫೋಟೊ ಈಗ ವಿನ್ಸೆಂಟರ ಆಫೀಸಿನ ಗೋಡೆಯ ಮೇಲಿದೆ. ಮೊನ್ನೆ ಒಬ್ಬರು ಅದರ ಮುಂದೆ ನಿಂತು, ಇಂಥ ಕ್ಷಣ ಹೇಗೆ ಹಿಡಿದಿರಿ ಎಂದು ನನ್ನನ್ನು ಕೇಳಿದರು. ನಾನು ಕನ್ನಡಕ ಒರೆಸಿಕೊಂಡು, ಬೆಳಕಿಗಾಗಿ ಸ್ವಲ್ಪ ಕಾಯಬೇಕಾಯಿತು ಎಂದೆ.