ಬಿಸಿ ಕಂಬಿಯ ಆರೈಕೆ

ಭಗವಂತನ ಮನೆಯಲ್ಲಿ ಸರದಿ ತಪ್ಪುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಬೈಂಡರಪ್ಪನ ಮನೆಯಲ್ಲೂ ತಪ್ಪುತ್ತಿರಲಿಲ್ಲ. ಬಚ್ಚಲಿಗೆ ಮೊದಲು ಅತ್ತೆ, ಆಮೇಲೆ ಭಾಮೈದ, ಆಮೇಲೆ ಹೆಂಡತಿ, ಬಿಸಿನೀರು ಉಳಿದಿದ್ದರೆ ಕೊನೆಗೆ ಬೈಂಡರಪ್ಪ. ನೀರಿನ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಇದ್ದದ್ದು ಟವೆಲಿನ ಬಗ್ಗೆ. ಅವನ ಹಳೆಯ ಟವೆಲು ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿತ್ತು. ಹಾಗಾಗಿ ಎಲ್ಲರ ಕೈಯೂ ಅದಕ್ಕೇ ಹೋಗುತ್ತಿತ್ತು. ಅವನ ಪಾಳಿ ಬರುವಾಗ ಅದು ಸತ್ತ ಮೀನಿನಂತೆ ಮೊಳೆಗೆ ಜೋತುಬಿದ್ದಿರುತ್ತಿತ್ತು. ಹೊಸದು ತಂದರೆ "ನೆಂಟರಿಗಿರಲಿ" ಎಂದು ಅತ್ತೆ ಬೀರುವಿಗೆ ಸೇರಿಸುತ್ತಿದ್ದರು. ಹಗಲೆಲ್ಲ ಅಚ್ಚುಕೂಟದಲ್ಲಿ ಕೂತು ಪುಸ್ತಕಗಳಿಗೆ ತೇವ ತಾಗದಂತೆ ರಟ್ಟು ಕಟ್ಟುವವನ ಬೆನ್ನು ಮಾತ್ರ ಮದುವೆಯಾದಾಗಿನಿಂದ ಒಣಗಿರಲಿಲ್ಲ.

ಸಾಯುವುದರೊಳಗೆ ಒಮ್ಮೆ, ಒಣಗಿದ ಬೆಚ್ಚಗಿನ ಟವೆಲಿನಲ್ಲಿ ಮೈ ಒರೆಸಿಕೊಳ್ಳಬೇಕು. ದೇವರ ಮುಂದೆ ಇದಕ್ಕಿಂತ ಸಣ್ಣ ಬೇಡಿಕೆಯನ್ನು ಯಾರೂ ಇಟ್ಟಿರಲಿಕ್ಕಿಲ್ಲ.

ರಜೆಯ ದಿನ ಬೆಳಿಗ್ಗೆಯೇ ಅಂಗಡಿಗೆ ಹೋದ. ಟವೆಲು ಬೆಚ್ಚಗಿಡುವ ಕರೆಂಟಿನ ಕಂಬಿಗಳು ಗೋಡೆಯ ತುಂಬ ಏಣಿಗಳಂತೆ ಹೊಳೆಯುತ್ತಿದ್ದವು.

"ಒಂದೇ ಅಡ್ಡಪಟ್ಟಿ ಇರೋದು ಕೊಡಿ," ಎಂದ.

"ಮನೇಲಿ ಎಷ್ಟು ಜನ?"

"ನಾಲ್ಕು. ಆದ್ರೆ ಹಾಕೋದು ನನ್ನ ಟವೆಲೊಂದೇ."

"ನಾಲ್ಕು ಜನ ಇರೋ ಮನೇಲಿ ನಿಮ್ಮದು ಅಂತ ಒಂದು ಇರುತ್ತಾ ಸ್ವಾಮಿ? ಆರು ಪಟ್ಟಿದು ತಗೊಳ್ಳಿ, ಬೈಸ್ಕೊಳ್ಳೋದು ತಪ್ಪುತ್ತೆ," ಎಂದ ಅಂಗಡಿಯವನು. ಅವನೂ ಸಂಸಾರಸ್ಥನೇ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ಆರು ಪಟ್ಟಿಯ ಕಂಬಿ ಜೋಡಿಸಿದ. "ನೀರು ನಿಂತ್ರೆ ಕಲೆ ಕಟ್ಟುತ್ತೆ. ಸ್ವಿಚ್ಚು ಆರಿಸಿ, ಮೆತ್ತಗಿನ ಹಳೇ ಬಟ್ಟೇಲಿ ಒರೆಸ್ತಾ ಇರ್ಬೇಕು. ಒರಟು ಬಟ್ಟೆ ತಾಗಿದ್ರೆ ಗೀರು," ಎಂದು ಹೇಳಿ ಹೋದ.

ಬೈಂಡರಪ್ಪ ಮನೆಮಂದಿಯನ್ನೆಲ್ಲ ಬಚ್ಚಲ ಬಾಗಿಲಿಗೆ ಕರೆದು, ಪುರಾಣ ಹೇಳುವವರ ಗತ್ತಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿದ. "ಮನೇಲಿ ಎಲ್ಲಕ್ಕಿಂತ ಮೆತ್ತಗಿರೋ ಬಟ್ಟೆ. ತಿಳೀತಾ?"

"ತಿಳೀತು ಬಿಡಿ. ಕಂಬಿಗಿರೋ ಮರ್ಯಾದೆ ನಮಗಿಲ್ಲ," ಎಂದಳು ಹೆಂಡತಿ.

"ಇವತ್ತೊಂದು ದಿನ ನನ್ನ ಟವೆಲಲ್ಲಿ ಯಾರೂ ಮೈ ಒರೆಸ್ಕೋಬೇಡಿ."

"ಆಯ್ತು, ಆಣೆ," ಎಂದರು ಮೂವರೂ.

ಟವೆಲನ್ನು ಮೇಲಿನ ಪಟ್ಟಿಗೆ ಹಾಕಿ, ಕೂಸು ಮಲಗಿಸಿದವನಂತೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಕೆಲವು ದಿನದಿಂದ ಸೂರ್ಯ ಮುಖ ತೋರಿಸಿರಲಿಲ್ಲ. ಇಂಥ ಮನೆಯಲ್ಲಿ ಬಟ್ಟೆ ಒಣಗುತ್ತದಂತೆ ಎಂಬ ಸುದ್ದಿಗೆ ಕಾಲಲ್ಲ, ರೆಕ್ಕೆಯೇ ಇತ್ತು. ಮೊದಲು ಪಕ್ಕದ ಮನೆಯ ಅಜ್ಜಿ ಬಂದರು.

"ಮಂಡಿಗೆ ಸುತ್ತೋ ಪಟ್ಟಿ ಕಣಪ್ಪ. ಒಂದು ಮೂಲೇಲಿ ಹಾಕ್ತೀನಿ. ದೇವರು ನಿನಗೆ ಒಳ್ಳೇದು ಮಾಡ್ಲಿ."

ದೇವರ ಹೆಸರು ಹೇಳಿದವರಿಗೆ ಇಲ್ಲವೆನ್ನುವುದು ಹೇಗೆ? ಅಜ್ಜಿಯ ಬೆನ್ನಿಗೇ ಎದುರುಮನೆಯ ಪೊಲೀಸಪ್ಪ, ಹಿಂಡದ ಕಾಲುಚೀಲ ಹಿಡಿದು ನಿಂತಿದ್ದ. "ನಾಳೆ ಪರೇಡಿದೆ. ಬೆಳಿಗ್ಗೆ ಬರ್ತೀನಿ," ಎಂದ. ಅವನು ದೇವರ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟರಲ್ಲಿ ಭಾಮೈದನ ದಪ್ಪ ಪ್ಯಾಂಟು ಬಂತು. "ಅಳಿಯಂದ್ರು ಪಾಪ, ನನಗೋಸ್ಕರ ತಂದಿದಾರೆ," ಎನ್ನುತ್ತ ಅತ್ತೆಯ ಸ್ವೆಟರೂ ಬಂತು.

ಬೈಂಡರಪ್ಪ ಹಲ್ಲು ಕಚ್ಚಿ ಸಹಿಸಿದ. ಆರರಲ್ಲಿ ಒಂದು ಪಟ್ಟಿ ತನ್ನದು, ಸಾಕು.

ಸಂಜೆ ಸ್ನಾನಗಳು ಮುಗಿದವು. ಆಣೆಗೆ ಕಟ್ಟುಬಿದ್ದು ಎಲ್ಲರೂ ಬೀರುವಿನ ನೆಂಟರ ಟವೆಲನ್ನೇ ತೆಗೆದು ಬಳಸಿದರು. ಕೊನೆಗೆ ಬೈಂಡರಪ್ಪ ಒಳಹೊಕ್ಕು, ಇದ್ದಷ್ಟು ನೀರು ಸುರಿದುಕೊಂಡು, ಸೋಪಿನ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ. ಮೇಲಿನ ಪಟ್ಟಿ ಖಾಲಿ. ಕಂಬಿ ತಣ್ಣಗಿತ್ತು.

"ಲೇ, ನನ್ನ ಟವೆಲೆಲ್ಲೇ?"

"ಪೊಲೀಸಪ್ಪನ ಕಾಲುಚೀಲದ ನೀರು ಕಂಬಿ ಮೇಲೆಲ್ಲಾ ಇಳಿದಿತ್ತು," ಹೆಂಡತಿ ಹೊರಗಿನಿಂದ ಹೇಳಿದಳು. "ಸ್ವಿಚ್ಚು ಆರಿಸಿ, ಬಟ್ಟೆಯೆಲ್ಲಾ ತೆಗೆದಿಟ್ಟು, ಮನೆಯೆಲ್ಲಾ ಹುಡುಕಿದೆ. ಅಷ್ಟು ಮೆತ್ತಗಿರೋ ಹಳೇ ಬಟ್ಟೆ ಇನ್ನೊಂದಿರ್ಲಿಲ್ಲ. ನಾಲ್ಕು ತುಂಡು ಮಾಡಿ ಇಟ್ಟಿದೀನಿ, ವರ್ಷಕ್ಕಾಗುತ್ತೆ."

"ಮೈ ಒರೆಸ್ಕೋಬೇಡಿ ಅಂತ ಆಣೆ ಮಾಡಿಸಿದ್ನಲ್ಲೇ."

"ಯಾರು ಮೈ ಒರೆಸ್ಕೊಂಡ್ರು? ಕಂಬಿ ಒರೆಸಿದ್ದು."

ಬೈಂಡರಪ್ಪನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ತುಸು ಸರಿದು, ಹೆಂಡತಿಯ ಕೈ ಒಳಬಂತು. ಕೈಯಲ್ಲಿ, ಮೂವರು ಒರೆಸಿಕೊಂಡಿದ್ದ ನೆಂಟರ ಟವೆಲು, ಸತ್ತ ಮೀನಿನಂತೆ ಜೋತುಬಿದ್ದಿತ್ತು.

ಅವನು ಅದನ್ನು ತೆಗೆದುಕೊಂಡ. ಎದುರಿಗೆ ಕಂಬಿ, ಎಲ್ಲೂ ಒಂದು ಹನಿಯಿಲ್ಲದೆ, ಲಕಲಕ ಹೊಳೆಯುತ್ತಿತ್ತು.